ನಾ ಯಾರ ಎತ್ತು ಹೊಡಕೊಂಡೀನಿ?

ಆ ಭಾನುವಾರ ದೇವಮಿತ್ರ ಅಂಕಲ್ ಹಾಡಿನ ಪುಸ್ತಕವನ್ನು ಬೀಸಿ ಒಗೆದರು. ಒಗೆದದ್ದು ಗಿಟಾರ್ ಹಿಡಿದು ನಿಂತಿದ್ದ ನವನೀತನ ಕಡೆಗೆ. ಅವನು ಸಟ್ಟನೆ ತಲೆ ಬಗ್ಗಿಸಿದ. ದಪ್ಪ ರಟ್ಟಿನ ಪುಸ್ತಕ ಅವನ ಕಿವಿಯ ಪಕ್ಕದಲ್ಲೇ ಹಾದು, ಗೋಡೆಗೆ ಬಡಿದು, ಜೋಡಿಸಿಟ್ಟಿದ್ದ ಕಾಫಿ ಕಪ್ಪುಗಳ ಮೇಲೆ ಬಿತ್ತು.

ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ಅಮೆರಿಕನ್ ಚರ್ಚೊಂದರ ಬೇಸ್‌ಮೆಂಟಿನಲ್ಲಿ ಭಾನುವಾರ ಮಧ್ಯಾಹ್ನ ಕೂಡುತ್ತಿದ್ದ ಕನ್ನಡ ಕ್ರೈಸ್ತರ ಸಭೆ ಅದು. ಆಗ ಎಲ್ಲೆಲ್ಲೂ ವೈ-ಟು-ಕೆ ಗದ್ದಲ. ಎರಡು ಸಾವಿರದ ಇಸವಿ ಬಂದ ದಿನವೇ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆ ಎಂದು ಹೆದರಿದ ಕಂಪನಿಗಳು ವಿಮಾನಗಟ್ಟಲೆ ನಮ್ಮ ಹುಡುಗರನ್ನು ಕರೆಸಿಕೊಳ್ಳುತ್ತಿದ್ದ ಕಾಲ. ಹಾಗಾಗಿ ಬೇಸ್‌ಮೆಂಟ್ ತುಂಬಿತ್ತು. ಮುಂದಿನ ಸಾಲಿನಲ್ಲಿದ್ದ ಭೂಮಿಕಾ ಎಂಬ ಪುಟ್ಟ ಹುಡುಗಿ ಅಮ್ಮನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಮಮ್ಮಿ, ಅಂಕಲ್ ಈಸ್ ಡೂಯಿಂಗ್ ಕಿಂಗ್ ಸಾಲ್!" ಎಂದಳು.

ಅವಳದೇನೂ ತಪ್ಪಿರಲಿಲ್ಲ. ಬೈಬಲಿನ ಸೌಲ ರಾಜ ಹೊಟ್ಟೆಕಿಚ್ಚಿನಿಂದ ಕುದಿದು, ತನ್ನೆದುರು ಕಿನ್ನರಿ ನುಡಿಸುತ್ತ ಕೂತಿದ್ದ ಯುವಕ ದಾವೀದನ ಮೇಲೆ ಈಟಿ ಎಸೆದ ಕಥೆಯನ್ನು ಅವಳಿಗೆ ಹೇಳಿದವರು ದೇವಮಿತ್ರ ಅಂಕಲ್ಲೇ. ಕೈಯನ್ನು ಹೇಗೆ ಹಿಂದಕ್ಕೆಳೆದು ಬೀಸಿದ ಎಂದು ಮಾಡಿಯೂ ತೋರಿಸಿದ್ದರು.

ದೇವಮಿತ್ರರು ಗದಗ-ಬೆಟಗೇರಿಯವರು. ತಂದೆ ಅಲ್ಲಿನ ಮಿಶನ್ ಶಾಲೆಯ ಮಾಸ್ತರರು. ಓಣಿಯ ತುಂಬ ಮಗ್ಗದ ಮನೆಗಳು. ಸಂಜೆ ಮಾಸ್ತರರು ಕಟ್ಟೆಯ ಮೇಲೆ ಕೂತು ಇಸ್ರಾಯೇಲಿನ ಹಿಂದಿನ ನಾಯಕರ ಕಥೆ ತೆಗೆದರೆಂದರೆ ನೇಕಾರರು ಲಾಳಿ ಬಿಟ್ಟು ಎದ್ದು ಬರುತ್ತಿದ್ದರು. ಯಾವ ಜಾತಿ ಯಾವ ಮತ ಎಂದು ಅಲ್ಲಿ ಯಾರೂ ಕೇಳಿದವರಿಲ್ಲ. ಮಾಸ್ತರರದೊಂದು ರೀತಿಯಿತ್ತು. ಗೆದ್ದದ್ದನ್ನು ಎಷ್ಟು ಹುರುಪಿನಿಂದ ಹೇಳುತ್ತಿದ್ದರೋ ಬಿದ್ದದ್ದನ್ನೂ ಅಷ್ಟೇ ಬಿಡಿಸಿ ಹೇಳುತ್ತಿದ್ದರು. "ಮೋಶೆ ಮಂದೀನ್ನ ಸಮುದ್ರ ದಾಟಿಸಿದ, ಖರೆ. ನೀರಿಗಾಗಿ ಬಂಡಿಗಲ್ಲಿಗೆ ಮಾತಾಡು ಅಂತ ದೇವರು ಅಂದ್ರ, ಸಿಟ್ಟಿಗೆದ್ದು ಕೋಲಿಲೆ ಬಡದ, ಅದೂ ಖರೆ. ಆ ಒಂದು ಸಿಟ್ಟಿಗೆ, ನಲವತ್ತು ವರ್ಷ ನಡದು ಬಂದ ನಾಡನ್ನ ಗುಡ್ಡದ ಮ್ಯಾಲಿಂದ ನೋಡಿ ಸತ್ತ, ಒಳಗ ಕಾಲಿಡಲಿಲ್ಲ" ಎನ್ನುವರು. ಯಾರಾದರೂ, "ದೇವರು ಆರಿಸಿದವರು ಹಿಂಗ ಯಾಕ್ರಿ ಮಾಸ್ತರ?" ಎಂದು ಕೇಳಿದರೆ, "ಆರಿಸಾಕ ಅವನಿಗೂ ಮನಷ್ಯಾರs ಸಿಕ್ಕಾರೋ ತಮ್ಮಾ" ಎಂದು ನಗುವರು.

ಮಗ ಹುಬ್ಬಳ್ಳಿಯಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ ಎಪ್ಪತ್ತರ ದಶಕದ ಮೊದಲಿಗೇ ನ್ಯೂಜೆರ್ಸಿಗೆ ಬಂದರು. ರಸ್ತೆ ಇಲಾಖೆಯಲ್ಲಿ ಸೇತುವೆಗಳನ್ನು ಪರೀಕ್ಷೆ ಮಾಡುವ ಕೆಲಸ. ಹೆಂಡತಿ ಮಾರ್ಗರೆಟ್ ಧಾರವಾಡದವರು, ಆಸ್ಪತ್ರೆಯಲ್ಲಿ ನರ್ಸ್. ಮಕ್ಕಳಾಗಲಿಲ್ಲ. ಆಗ ಆ ಕಡೆ ಕನ್ನಡ ಮಾತಾಡುವವರನ್ನು ದುರ್ಬೀನು ಹಾಕಿ ಹುಡುಕಬೇಕಿತ್ತು. ಗದಗಿನವರೇ ಆದ ಡಾಕ್ಟರ್ ಮುರುಗೆಪ್ಪ ಸಿಕ್ಕರು. ಅವರು ಲಿಂಗಾಯತರು, ಕೊರಳಲ್ಲಿ ಲಿಂಗ ಕಟ್ಟಿದವರು. ಆದರೂ, "ಭಾನುವಾರ ನಾಕು ಮಂದಿ ಕೂಡಿ ಕನ್ನಡದಾಗ ಹಾಡೂದಾದ್ರ ನಾನೂ ಬರ್ತೀನಪಾ, ನೀ ಶುರು ಮಾಡು" ಎಂದು ಬೆನ್ನು ಹತ್ತಿದವರು ಅವರೇ. ದೇವಮಿತ್ರರು, "ನನ್ನ ಕೈಲೆ ಆಗೂದಿಲ್ಲ, ನಾ ಪಾದ್ರಿ ಅಲ್ಲ" ಎಂದು ತಿಂಗಳುಗಟ್ಟಲೆ ತಪ್ಪಿಸಿಕೊಂಡರು. ಮಾರ್ಗರೆಟ್ ದೂಡಿದ ಮೇಲೆ ಒಪ್ಪಿದರು. ಹಾಗೆ ಶುರುವಾದ ಸಭೆಗೆ ಇಪ್ಪತ್ತು ವರ್ಷ ಅವರೇ ಹಿರಿಯರು, ಅವರೇ ಉಪದೇಶಕರು. ಹಾಡು ಎಷ್ಟು ಹೊತ್ತು ನಡೆಯಬೇಕು, ಕುರ್ಚಿ ಎಲ್ಲಿ ಹಾಕಬೇಕು, ಬಾಗಿಲು ಯಾವಾಗ ತೆರೆಯಬೇಕು, ಎಲ್ಲದರಲ್ಲೂ ಅವರದೇ ಮಾತು.

ಜನ ಬರುತ್ತಿದ್ದದ್ದು ಮುಖ್ಯವಾಗಿ ಅವರ ಕಥೆಗೆ. ಅಪ್ಪನ ಬಾಯಿಯ ರುಚಿ ಮಗನಿಗೂ ಬಂದಿತ್ತು. ಗಿದ್ಯೋನ ಶತ್ರುಗಳಿಗೆ ಹೆದರಿ ದ್ರಾಕ್ಷಿ ಹಿಂಡುವ ತೊಟ್ಟಿಯೊಳಗೆ ಕದ್ದು ಗೋಧಿ ಬಡಿಯುತ್ತಿದ್ದದ್ದು, ಸಂಸೋನನ ತೋಳಿನ ಬಲ ಮತ್ತು ತಲೆಯ ಪೊಳ್ಳು, ಸೊಲೊಮೋನನ ಜಾಣತನ ಮುದಿವಯಸ್ಸಿನಲ್ಲಿ ಎಲ್ಲಿಗೆ ಹೋಯಿತು ಎಂಬುದು, ಎಲ್ಲವನ್ನೂ ಪಕ್ಕದ ಓಣಿಯವರ ಸುದ್ದಿಯಂತೆ ಹೇಳುತ್ತಿದ್ದರು. ಸೌಲನೆಂದರೆ ಅವರಿಗೆ ವಿಶೇಷ ಮಮತೆ. "ಇವನೇ ಅರಸ ಅಂತ ಸಾರಿದ್ರು. ಎಲ್ಲಿ ಅದಾನ ಅಂತ ಹುಡುಕಿದ್ರ ಸಾಮಾನು-ಸರಂಜಾಮಿನ ಹಿಂದ ಕುಕ್ಕರಗಾಲಿಲೆ ಕುಂತಿದ್ದ! ಎಲ್ಲಾರಿಗಿಂತ ಒಂದು ತಲಿ ಎತ್ತರದ ಆಳು, ಗಂಟುಮೂಟಿ ಹಿಂದ! ಅಷ್ಟು ಸಂಕೋಚದ ಹುಡುಗ ಮುಂದ ಏನಾದ ನೋಡ್ರಿ" ಎಂದು ತಲೆಯಾಡಿಸುತ್ತಿದ್ದರು.

ಐಟಿಯ ಹುಡುಗರು ಬರತೊಡಗಿದಾಗ ಅವರಷ್ಟು ಓಡಾಡಿದವರು ಇನ್ನೊಬ್ಬರಿಲ್ಲ. ನ್ಯೂಆರ್ಕ್ ಏರ್‌ಪೋರ್ಟಿನಿಂದ ಕರೆತರುವುದು, ಅಪಾರ್ಟ್‌ಮೆಂಟ್ ಹುಡುಕಿಕೊಡುವುದು, ಹಳೇ ಜಾಕೆಟ್ಟು ಕಂಬಳಿ ಹೊಂದಿಸುವುದು, ಡ್ರೈವಿಂಗ್ ಟೆಸ್ಟಿಗೆ ತಮ್ಮ ಕಾರನ್ನೇ ಕೊಡುವುದು. ನವನೀತನನ್ನೂ ಹಾಗೇ ಕರೆತಂದರು. ಮೈಸೂರಿನ ಹುಡುಗ, ಒಳ್ಳೆಯ ಕಂಠ. ಹೆಂಡತಿ ಸೌಜನ್ಯಾಳ ವೀಸಾ ಆಗುವತನಕ ದೇವಮಿತ್ರರ ಮನೆಯಲ್ಲೇ ಇದ್ದ. ಬೆಳಿಗ್ಗೆ ಒಟ್ಟಿಗೆ ತಿಂಡಿ ತಿಂದು ಇಬ್ಬರೂ ಕೆಲಸಕ್ಕೆ ಹೊರಡುತ್ತಿದ್ದರು. "ಮನಿಯೊಳಗ ಹಾಡು ಕೇಳಿ ಎಷ್ಟು ದಿನಾ ಆಗಿತ್ತು" ಎಂದು ಮಾರ್ಗರೆಟ್ ಹಿಗ್ಗಿದರೆ ದೇವಮಿತ್ರರೂ ಹಿಗ್ಗಿದರು. ಸಭೆಯಲ್ಲಿ ಹಾಡಿನ ಹೊಣೆಯನ್ನು ಅವನಿಗೆ ವಹಿಸಿದವರೂ ಅವರೇ.

ಅವನು ಹಾಡತೊಡಗಿದ ಮೇಲೆ ಸಭೆಯ ಬಣ್ಣವೇ ಬದಲಾಯಿತು. ಹೊಸ ಹಾಡುಗಳು, ಚಪ್ಪಾಳೆ. ಬೇಜಾರೆಂದು ಕಾರಿನಿಂದ ಇಳಿಯದೆ ಹಟ ಮಾಡುತ್ತಿದ್ದ ಮಕ್ಕಳು ಈಗ ಮೊದಲೇ ಬಂದು ಮುಂದೆ ಕೂಡುತ್ತಿದ್ದರು. ಸಭೆಯ ವಾರ್ಷಿಕೋತ್ಸವದ ಊಟದ ದಿನ ಭೂಮಿಕಾಳ ತಾಯಿ ಮಂಜರಿ ಅನ್ನ ಬಡಿಸುತ್ತ, ಯಾವ ಕುಹಕವೂ ಇಲ್ಲದೆ, "ಮುಂಚೆ ಹತ್ತಿಪ್ಪತ್ತು ಜನ ಬರ್ತಿದ್ವಿ. ನವನೀತ್ ಬಂದ್ಮೇಲೆ ನೋಡಿ, ಅನ್ನಕ್ಕೆ ದೊಡ್ಡ ಪಾತ್ರೇನೇ ತರ್ಬೇಕಾಯ್ತು!" ಎಂದಳು. ಎಲ್ಲರೂ ನಕ್ಕರು. ದೇವಮಿತ್ರರೂ ನಕ್ಕರು. ಆದರೆ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಸೌಲ ಸಾವಿರ ಜನರನ್ನು ಗೆದ್ದ, ದಾವೀದ ಹತ್ತು ಸಾವಿರ ಜನರನ್ನು ಗೆದ್ದ ಎಂದು ಹೆಂಗಸರು ಬೀದಿಯಲ್ಲಿ ಹಾಡಿದ ದಿನವೇ ಸೌಲನ ಎದೆಗೆ ಕಿಡಿ ಬಿದ್ದದ್ದು ಎಂದು ಎಷ್ಟೋ ಸಲ ಜನರಿಗೆ ತಿಳಿಸಿ ಹೇಳಿದ ಮನುಷ್ಯ ಅವರು. ರೋಗದ ಹೆಸರು ಗೊತ್ತಿದ್ದ ಮಾತ್ರಕ್ಕೆ ರೋಗ ಬಿಟ್ಟುಹೋಗುತ್ತದೆಯೇ?

ಅಂದಿನಿಂದ ಸಣ್ಣಸಣ್ಣದಕ್ಕೂ ಕಿರಿಕಿರಿ. ಗಿಟಾರಿನ ಸದ್ದು ಹೆಚ್ಚಾಯಿತು, ಚಪ್ಪಾಳೆ ಹೆಚ್ಚಾಯಿತು. ಜರ್ಮನ್ ಪಾದ್ರಿಗಳು ತಂದ ರಾಗಕ್ಕೆ ಕನ್ನಡದ ಮಾತು ಕೂಡಿಸಿದ ಹಳೆಯ ಹಾಡುಗಳೆಂದರೆ ದೇವಮಿತ್ರರಿಗೆ ಜೀವ. ತಂದೆಯನ್ನು ಮಣ್ಣು ಮಾಡಿದಾಗ ಹಾಡಿದ್ದು ಅವನ್ನೇ. ವಾರಕ್ಕೆ ಒಂದಾದರೂ ಇರಲೇಬೇಕೆಂದು ಹೇಳಿದ್ದರು. ಆ ಭಾನುವಾರ ನವನೀತ ಅದನ್ನು ಹಾರಿಸಿ, "ಮಕ್ಕಳಿಗೆ ಬರಲ್ಲ ಅಂಕಲ್, ನೆಕ್ಸ್ಟ್ ವೀಕ್ ಹಾಡೋಣ" ಎಂದು ತಂತಿ ಮೀಟಿದ. ಕೈಯಲ್ಲಿದ್ದ ಪುಸ್ತಕ ಕೈಬಿಟ್ಟು ಹೋದದ್ದು ದೇವಮಿತ್ರರಿಗೆ ಗೊತ್ತೇ ಆಗಲಿಲ್ಲ.

ಮನೆಗೆ ಹೋಗುವಾಗ ಕಾರನ್ನು ಮಾರ್ಗರೆಟ್ ಓಡಿಸಿದರು. ರೂಟ್ ಒನ್ ಹೆದ್ದಾರಿಯ ಸಿಗ್ನಲ್ಲಿನಲ್ಲಿ ನಿಂತಾಗ ದೇವಮಿತ್ರರು, "ಆ ಹುಡಿಗಿ ಏನಂತು, ಕೇಳಿದೇನು?" ಎಂದರು.

"ಕೇಳೀನ್ರಿ. ಪಾಠ ಛಲೋ ಕಲ್ತೈತಿ."

"ಚಾಷ್ಟಿ ಮಾಡಬ್ಯಾಡ."

"ಚಾಷ್ಟಿ ಅಲ್ರಿ. ನಿಮ್ಮ ಕೈಯಾಗ ಈಟಿ ಇರಲಿಲ್ಲ, ಬರೇ ಪುಸ್ತಕ ಇತ್ತು. ಅದಕ್ಕs ದೇವರಿಗೆ ಕೈ ಮುಗೀತೀನಿ."

ಎರಡು ವಾರ ದೇವಮಿತ್ರರು ಸಭೆಗೆ ಹೋಗಲಿಲ್ಲ, ಮೈಗೆ ಹುಷಾರಿಲ್ಲ ಎಂದು ಹೇಳಿಸಿದರು. ನವನೀತ ಫೋನ್ ಮಾಡಿದರೆ ಎತ್ತಲಿಲ್ಲ. ನಾಚಿಕೆ ಒಂದು ಕಡೆ, ಮುನಿಸು ಒಂದು ಕಡೆ. ಎರಡೂ ಸೇರಿ ಒಂದು ತೀರ್ಮಾನವಾಯಿತು. ಹಿರಿತನ ಬಿಟ್ಟುಬಿಡುವುದು. ಆದರೆ ಸೌಲನ ಹಾಗೆ ಅಲ್ಲ, ಸಮುವೇಲನ ಹಾಗೆ. ಅರಸರು ಬರುವ ಮುಂಚೆ ಇಸ್ರಾಯೇಲನ್ನು ನಡೆಸಿದವನು ಸಮುವೇಲ. ಅಧಿಕಾರ ಬಿಟ್ಟುಕೊಡುವ ದಿನ ಜನರೆಲ್ಲರನ್ನೂ ನಿಲ್ಲಿಸಿ, ನಾನು ಯಾರ ಎತ್ತು ತೆಗೆದುಕೊಂಡೆ, ಯಾರ ಕತ್ತೆ ತೆಗೆದುಕೊಂಡೆ, ಯಾರನ್ನು ಹಿಂಡಿದೆ, ಹೇಳಿ ಎಂದು ಕೇಳಿದ. ಏನೂ ಇಲ್ಲ, ಯಾರಿಗೂ ಅನ್ಯಾಯ ಮಾಡಿಲ್ಲ ಎಂದು ಜನ ಒಂದೇ ದನಿಯಲ್ಲಿ ಹೇಳಿದರು. ಬಿಟ್ಟುಹೋಗುವುದಾದರೆ ಹಾಗೆ ಹೋಗಬೇಕು ಎಂದು ದೇವಮಿತ್ರರಿಗೆ ಅನ್ನಿಸಿತು. ಸ್ನಾನದ ಕೋಣೆಯಲ್ಲಿ ಆ ಮಾತನ್ನು ಹೇಳಿ ಹೇಳಿ ರೂಢಿ ಮಾಡಿಕೊಂಡರು.

ಮಾರ್ಗರೆಟ್ ಬಾಗಿಲಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದರು. "ಕೇಳಬ್ಯಾಡ್ರಿ" ಎಂದರು.

"ಯಾಕ?"

"ಅವರು ಇಸ್ರಾಯೇಲರು. ಇವರು ನಮ್ಮ ಮಂದಿ. ಕೇಳಿದ್ರ ಹೇಳಿಬಿಡ್ತಾರ."

"ಹೇಳಾಕ ಏನೈತಿ?" ಎಂದು ದೇವಮಿತ್ರರು ನಿಜವಾಗಿಯೂ ಆಶ್ಚರ್ಯಪಟ್ಟರು.

ಮುಂದಿನ ಭಾನುವಾರ ಕೋಟು ಹಾಕಿಕೊಂಡು ಸಭೆಯ ಮುಂದೆ ನಿಂತರು. ಮೊದಲು ಪುಸ್ತಕ ಎಸೆದದ್ದಕ್ಕೆ ಒಂದೇ ಮಾತಿನಲ್ಲಿ ಕ್ಷಮೆ ಕೇಳಿದರು. ಆಮೇಲೆ ಸಮುವೇಲನ ಕಥೆ ತೆಗೆದರು. ತಾವೂ ಇಂದಿಗೆ ಹಿರಿತನ ಬಿಡುತ್ತಿರುವುದಾಗಿ ಹೇಳಿ ಕೈ ಚಾಚಿದರು. "ಇಪ್ಪತ್ತು ವರ್ಷ ನಿಮ್ಮ ನಡುವ ಓಡ್ಯಾಡೀನಿ. ನಾ ಯಾರ ಎತ್ತು ಹೊಡಕೊಂಡೀನಿ? ಯಾರಿಗೆ ಏನ್ ಅನ್ಯಾಯ ಮಾಡೀನಿ? ಇದ್ರ ಹೇಳ್ರಿ."

ಕೆಲವರು ಕಣ್ಣೊರೆಸಿಕೊಂಡರು. ಎಲ್ಲ ಅಂದುಕೊಂಡಂತೆಯೇ ಆಯಿತೆಂದು ದೇವಮಿತ್ರರು ಕನ್ನಡಕ ತೆಗೆಯುವಷ್ಟರಲ್ಲಿ ಮಂಜರಿ ಎದ್ದು ನಿಂತಳು.

"ಅಂಕಲ್, ಸುಮ್ನೆ ಕೇಳಿದ್ರಾ, ನಿಜವಾಗ್ಲೂ ಕೇಳಿದ್ರಾ?"

"ನಿಜವಾಗ್ಲೂ ಕೇಳೀನವಾ" ಎಂದರು. ಇನ್ನೇನು ಹೇಳಲಾದೀತು?

"ಹಾಗಾದ್ರೆ ಹೇಳ್ತೀನಿ. ಹೋದ ವರ್ಷ ಭೂಮಿಕಾ ಇಲ್ಲಿ ನಿಂತು ಕನ್ನಡದಲ್ಲಿ ಪ್ರಾರ್ಥನೆ ಹೇಳ್ತಿದ್ಲು. ಎಷ್ಟೋ ದಿನ ಕೂತು ಕಲ್ತಿದ್ಲು. 'ಳ'ಕಾರ ತಪ್ಪಿತು ಅಂತ ನೀವು ನಡುವೆ ತಡೆದ್ರಿ. ಇನ್ನೊಂದ್ಸಲ ಅನ್ನು, ಇನ್ನೊಂದ್ಸಲ ಅನ್ನು ಅಂತ ಅನ್ನಿಸಿದ್ರಿ. ಜನ ನಕ್ಕರು. ಅವತ್ತಿಂದ ಅವಳು ಕನ್ನಡದಲ್ಲಿ ಬಾಯಿ ಬಿಟ್ಟಿಲ್ಲ ಅಂಕಲ್. ಮನೇಲೂ ಇಲ್ಲ. ಅವಳ ಅಜ್ಜಿ ಫೋನ್ ಮಾಡಿದ್ರೂ ಇಂಗ್ಲಿಷೇ." ಮಗಳ ತಲೆ ಸವರಿದಳು. "ನೀವು ನಮಗೆ ಎಷ್ಟು ಮಾಡಿದ್ದೀರಿ ಅಂತ ಗೊತ್ತು. ಆದ್ರೂ ಕೇಳಿದ್ರಲ್ಲ, ಹೇಳಿದೆ." ಕುಳಿತಳು.

ದೇವಮಿತ್ರರಿಗೆ ಆ ದಿನ ನೆನಪೇ ಇರಲಿಲ್ಲ. ಅದೇ ಅವರಿಗೆ ಹೆಚ್ಚು ಚುಚ್ಚಿದ್ದು.

ಆಮೇಲೆ ಹಿಂದಿನಿಂದ ಅರವಿಂದ್ ಎಂಬ ಯುವಕ, ತನಗೆ ಪ್ರಾಜೆಕ್ಟ್ ಇಲ್ಲದೆ ಮನೆಯಲ್ಲಿ ಕೂತಿದ್ದಾಗ ಅಂಕಲ್ ನೋಡಲು ಬಂದು ಹೆದರುಪುಕ್ಕ ಗಿದ್ಯೋನ ಮುಂದೆ ಯುದ್ಧ ಗೆದ್ದ ಕಥೆಯನ್ನು ತಾಸುಗಟ್ಟಲೆ ಹೇಳಿದರು, ಹೇಗಿದ್ದೀಯ ಎಂದು ಮಾತ್ರ ಕೇಳಲಿಲ್ಲ ಎಂದ. ಕಾಫಿ ಮೇಜಿನ ಹತ್ತಿರ ನಿಂತಿದ್ದ ಮುರುಗೆಪ್ಪನವರು ಗಂಟಲು ಸರಿಮಾಡಿಕೊಂಡರು.

"ನೀನೂ ಏನು?" ಎಂದರು ದೇವಮಿತ್ರರು.

"ಕೇಳಿದೆಲ್ಲಪಾ ಮತ್ತ. ಇಷ್ಟು ವರ್ಷ ಎಲ್ಲಾರ್ನೂ ಯಾವ ಹಾಡು ಬೇಕು ಅಂತ ಕೇಳಿದಿ. ನನ್ನ ಒಂದ್ ಸಲಾನೂ ಕೇಳಲಿಲ್ಲ. ನಾ ನಿಮ್ಮಾಂವ ಅಲ್ಲ ಅಂತ ಅಲ್ಲ, ನನಗ ಗೊತ್ತೈತಿ. ನಿನಗ ಹೊಳೀಲೇ ಇಲ್ಲ."

ಯಾರೋ ಕಿಸಕ್ಕೆಂದರು. ದೇವಮಿತ್ರರು ಕನ್ನಡಕ ಮತ್ತೆ ಹಾಕಿಕೊಂಡರು. ಕೊನೆಗೆ ಅವರೇ ನವನೀತನ ಕಡೆ ತಿರುಗಿದರು. "ನೀನೂ ಹೇಳಿಬಿಡೋ."

"ನಂದೇನಿಲ್ಲ ಅಂಕಲ್."

"ಐತಿ. ಹೇಳು."

ನವನೀತ ತಲೆ ತಗ್ಗಿಸಿಯೇ ಹೇಳಿದ. "ಪುಸ್ತಕಕ್ಕಲ್ಲ ಅಂಕಲ್, ಅದು ತಾಗ್ಲೇ ಇಲ್ಲ. ಆಮೇಲೆ ನಾನು ಫೋನ್ ಮಾಡಿದ್ರೆ ನೀವು ಎತ್ತಲಿಲ್ಲ. ನಾನು ನಿಮ್ಮನೇಲಿ ಇದ್ದೋನು."

ಸಮುವೇಲನಿಗೆ ಜನ ಹೀಗೆ ಉತ್ತರ ಕೊಟ್ಟಿದ್ದರೆ ಅವನು ಏನು ಮಾಡುತ್ತಿದ್ದನೆಂದು ಯಾವ ಅಧ್ಯಾಯದಲ್ಲೂ ಬರೆದಿರಲಿಲ್ಲ. ದೇವಮಿತ್ರರು ಮೆಲ್ಲಗೆ ಇಳಿದು ಬಂದು ಭೂಮಿಕಾಳ ಮುಂದೆ ಮೊಣಕಾಲೂರಿ, "ನಾ ತಪ್ಪು ಮಾಡಿದೆ ಪುಟ್ಟಿ" ಎಂದರು. ಅವಳು, "ಇಟ್ಸ್ ಓಕೆ ಅಂಕಲ್" ಎಂದು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ದೇವಮಿತ್ರರು ಮತ್ತೆ ಮುಂದಕ್ಕೆ ಹೋಗದೆ ಹಿಂದಿನ ಸಾಲಿನಲ್ಲಿ ಮಾರ್ಗರೆಟ್ ಪಕ್ಕದ ಕುರ್ಚಿಯಲ್ಲಿ ಕೂತರು. ಮಾರ್ಗರೆಟ್ ಅವರ ಕೈ ಹಿಡಿದುಕೊಂಡರು.

ಆ ವಾರವೆಲ್ಲ ದೇವಮಿತ್ರರು ಸೇತುವೆಗಳ ಕೆಳಗೆ ಓಡಾಡುತ್ತ ಒಳಗೊಳಗೇ ವಾದ ಮಾಡಿದರು. ಏರ್‌ಪೋರ್ಟಿಗೆ ಹೋದವರು ಯಾರು? ಹಿಮದಲ್ಲಿ ಕಾರು ಓಡಿಸಿದವರು ಯಾರು? ವಾದದಲ್ಲಿ ಪ್ರತಿಸಲವೂ ಗೆದ್ದರು, ಗೆದ್ದಷ್ಟೂ ಮನಸ್ಸು ಭಾರವಾಯಿತು. ಶನಿವಾರ ಬೆಳಿಗ್ಗೆ ಯಾರಿಗೂ ಹೇಳದೆ ಮಾನ್ಮತ್ ಜಂಕ್ಷನ್ನಿನಲ್ಲಿದ್ದ ನವನೀತನ ಅಪಾರ್ಟ್‌ಮೆಂಟಿಗೆ ಹೋಗಿ ಬಾಗಿಲು ಬಡಿದರು. ಸೌಜನ್ಯಾ ಬಾಗಿಲು ತೆಗೆದು ಗಾಬರಿಯಾದಳು.

"ಫೋನ್ ಮಾಡಬೇಕಿತ್ತು" ಎಂದರು ನವನೀತನಿಗೆ. "ಮಾಡಲಿಲ್ಲ. ಅದಕ್ಕ ಬಂದೀನಿ."

ಉಪ್ಪಿಟ್ಟು ತಿಂದರು. ಮಾತು ಹೆಚ್ಚು ಬೆಳೆಯಲಿಲ್ಲ. ಹೊರಡುವಾಗ ಅವನ ಹೊಸ ಹಾಡೊಂದನ್ನು ಹಾಡಿಸಿ ಪೂರ್ತಿ ಕೇಳಿದರು. ಕೇಳಿ, "ನನಗ ಸೇರಲಿಲ್ಲಪಾ. ಸುಳ್ಳು ಯಾಕ ಹೇಳ್ಲಿ? ಆದ್ರ ನೀ ಹಾಡು, ಮಕ್ಕಳು ಬರ್ಲಿ" ಎಂದರು. ನವನೀತ ಜೋರಾಗಿ ನಕ್ಕುಬಿಟ್ಟ. ಇಬ್ಬರ ನಡುವೆ ಗಂಟು ಬಿಚ್ಚಿದ್ದು ಆ ನಗುವಿನಲ್ಲೇ.

ಅಲ್ಲಿಂದ ಮುಂದೆ ಸಭೆಯನ್ನು ನವನೀತನೇ ನಡೆಸತೊಡಗಿದ. ಆ ಚಳಿಗಾಲ, ಕಂಪ್ಯೂಟರುಗಳೇನೂ ಕೈಕೊಡದೆ ಹೊಸ ಇಸವಿ ಬಂದ ಮೇಲೆ, ದೊಡ್ಡವರಿಗೆ ಸೌಲನ ಕಥೆಯನ್ನು ಮೊದಲಿಂದ ಹೇಳಿಕೊಡಿ ಎಂದು ಅವನೇ ದೇವಮಿತ್ರರನ್ನು ಕೇಳಿದ. ಎಷ್ಟೋ ಸಲ ಹೇಳಿದ ಕಥೆ. ಈ ಸಲ ಹೇಳಿದ್ದು ಬೇರೆ ಥರ ಇತ್ತೆಂದು ಕೇಳಿದವರು ಈಗಲೂ ನೆನೆಯುತ್ತಾರೆ. ಕೈ ಬೀಸಿ ತೋರಿಸಲಿಲ್ಲ. "ಇಷ್ಟು ವರ್ಷ ನಾ ಈ ಕಥಿ ಹೊರಗ ನಿಂತು ಹೇಳಿದೆ" ಎಂದು ಶುರು ಮಾಡಿದರು. "ಈಟಿ ಒಗದ ಮ್ಯಾಲೆ ಸೌಲ ಏನು ಮಾಡಿರಬೇಕು ಅಂತ ನಾ ಎಂದೂ ಯೋಚನಿ ಮಾಡಿರಲಿಲ್ಲ. ಗ್ವಾಡಿಗೆ ನಟ್ಟ ಈಟಿ ಕಿತ್ತಾಕ ಅವನೇ ಎದ್ದಿರಬೇಕಲ್ಲ? ಆಗ ಮಕ ಹೆಂಗಾಗಿರಬೇಕು? ಅವನು ಕೆಟ್ಟಾಂವ ಅಲ್ಲ. ಅರಸತನ ಬಿಟ್ಟು ಮನಿಗೆ ಹೋಗು ದಾರಿ ಯಾರೂ ಅವಗ ತೋರಿಸಲಿಲ್ಲ. ನನಗ ತೋರಿಸಿದ್ರು." ಮುರುಗೆಪ್ಪನವರು, "ಸಮುವೇಲನೂ ಏನು ಕಮ್ಮಿ? ಅವನ ಮಕ್ಕಳು ಲಂಚ ತಿಂತಿದ್ರಂತಲ್ಲ, ನೀನೇ ಹೇಳಿದ್ದಿ" ಎಂದು ಕೆಣಕಿದಾಗ, "ಹೌದಪಾ. ಆ ಪ್ರಶ್ನೆ ಕೇಳುವಾಗ ಅವನಿಗೂ ಒಳಗ ಪುಕಪುಕಾ ಅಂದಿರಬೇಕು" ಎಂದರು. ಆ ದಿನ ಕೊನೆಯ ಹಾಡನ್ನು ಮುರುಗೆಪ್ಪನವರೇ ಆರಿಸಿದರು. ಅವರು ಆರಿಸಿದ್ದು ನವನೀತನ ಗಿಟಾರಿನ ಹಾಡನ್ನು. ದೇವಮಿತ್ರರು ಹಣೆ ಚಚ್ಚಿಕೊಂಡರು.

ಮರುವರ್ಷ ಐಟಿ ನೆಲಕಚ್ಚಿತು. ಒಬ್ಬೊಬ್ಬರದಾಗಿ ಕೆಲಸ ಹೋಗತೊಡಗಿತು. ನವನೀತನದೂ ಹೋಯಿತು. ಡಲ್ಲಾಸಿನಲ್ಲಿ ಬೇರೆ ಕೆಲಸ ಸಿಕ್ಕು ಹೆಂಡತಿಯೊಂದಿಗೆ ಹೊರಟುಹೋದ. ಸಭೆ ಮತ್ತೆ ಚಿಕ್ಕದಾಯಿತು, ಉಳಿದವರ ಮುಖದಲ್ಲಿ ಕಳೆಯಿಲ್ಲ. ಅರವಿಂದ್ ದೇವಮಿತ್ರರ ಮನೆಗೇ ಬಂದು, "ಅಂಕಲ್, ನೀವೇ ಮತ್ತೆ ವಹಿಸ್ಕೊಳ್ಳಿ. ಎಲ್ರ ಹತ್ರಾನೂ ಮಾತಾಡ್ಕೊಂಡೇ ಬಂದಿದ್ದೀನಿ" ಎಂದ.

ಬೇಕೆನ್ನಿಸಿತು. ಬೇಡವೆನ್ನಲು ಅವರೇನು ಸನ್ಯಾಸಿಯೇ? ಆ ಮಾತು ಕೇಳಿ ಎದೆ ಉಬ್ಬಿದ್ದು ಮಾರ್ಗರೆಟ್‌ಗೂ ಕಂಡಿತು. ದೇವಮಿತ್ರರು ಚಹಾದ ಕಪ್ಪು ಕೆಳಗಿಟ್ಟರು. "ಮೊದಲ ನೀ ಹೆಂಗದಿ, ಹೇಳು" ಎಂದರು ಅರವಿಂದನಿಗೆ. ಅವನು ತನ್ನ ಕಷ್ಟಸುಖ ಹೇಳಿಕೊಂಡ. ಎಲ್ಲ ಕೇಳಿ ಆದಮೇಲೆ, "ಮಂಜರೀನ್ನ ಕೇಳ್ರಿ" ಎಂದರು. "ಅಂದು ಎದ್ದು ನಿಂತು ಮಾತಾಡಾಕ ಧೈರ್ಯ ಇದ್ದದ್ದು ಆಕಿಗೆ. ದೆಬೋರಳಂಥ ಹೆಣ್ಣುಮಗಳು ಇಸ್ರಾಯೇಲನ್ನ ನಡಿಸಲಿಲ್ಲೇನು?" ಅರವಿಂದ್ ಹೋದ ಮೇಲೆ ಮೂರು ದಿನ ದೇವಮಿತ್ರರು ಸಣ್ಣಸಣ್ಣದಕ್ಕೂ ಸಿಡುಕಿದರು. ಹಿರಿತನ ಬಿಟ್ಟುಕೊಟ್ಟದ್ದು ಸುಲಭವಾಗಿರಲಿಲ್ಲ.

ಮಂಜರಿ ಮೊದಲ ಭಾನುವಾರ ಹೆದರಿಕೊಂಡೇ ನಿಂತಳು. ದೆಬೋರಳ ಕಥೆಯನ್ನೇ ಆರಿಸಿಕೊಂಡಿದ್ದಳು. ಸೇನಾಪತಿ ಬಾರಾಕ, ನೀನು ಬಂದರೆ ಮಾತ್ರ ನಾನು ಯುದ್ಧಕ್ಕೆ ಹೋಗುತ್ತೇನೆ ಎಂದು ಆ ಹೆಂಗಸಿನ ಮುಂದೆ ಹಟ ಹಿಡಿದದ್ದನ್ನು ಚೆನ್ನಾಗಿಯೇ ಹೇಳಿದಳು. ನಡುವೆ ಊರಿನ ಹೆಸರೊಂದನ್ನು ತಪ್ಪಾಗಿ ಅಂದಳು. ಹಿಂದಿನ ಸಾಲಿನಲ್ಲಿ ದೇವಮಿತ್ರರು ದೊಡ್ಡದಾಗಿ ಕೆಮ್ಮಿದರು. ಮಾರ್ಗರೆಟ್ ಮೊಣಕೈಯಿಂದ ತಿವಿದರು.

ಮಂಜರಿ ಮಾತು ನಿಲ್ಲಿಸಿ ಅವರ ಕಡೆ ನೋಡಿದಳು. "ಅಂಕಲ್, ನೀರು ಬೇಕಾ?"

ಕೋಣೆಯೆಲ್ಲ ನಗುವಿನಲ್ಲಿ ಮುಳುಗಿತು. ದೇವಮಿತ್ರರು ಎರಡೂ ಕೈ ಎತ್ತಿ, "ಬ್ಯಾಡವಾ, ನೀ ಹೇಳು, ನೀ ಹೇಳು" ಎಂದು ಎಲ್ಲರಿಗಿಂತ ಜೋರಾಗಿ ನಕ್ಕರು. ಮಂಜರಿ ಕಥೆ ಮುಂದುವರಿಸಿದಳು. ಅವರು ಕಾಲ ಮೇಲೆ ಕಾಲು ಹಾಕಿಕೊಂಡು, ಕಣ್ಣು ಮುಚ್ಚಿ, ಕೊನೆಯವರೆಗೂ ಕೇಳಿದರು.